ಕತ್ತರಿಯಕ್ಕ ಮತ್ತು ಹದಿನಾಲ್ಕನೇ ಕಲಮು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯ ಗೂಡಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಮೈ ಮುದುಡಿಕೊಂಡು ನಿಂತಿದ್ದ ಆ ಕ್ಷೌರದಂಗಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಊರಿಗೆ ಹೊಸದಾಗಿ ಬಂದವರು ಯಾರನ್ನು ಕೇಳಿದರೂ, "ಕತ್ತರಿಯಕ್ಕನ ಅಂಗಡಿ ತಾನೆ, ಹೀಗೆ ಹೋಗಿ" ಎಂದು ಕೈ ತೋರಿಸುತ್ತಿದ್ದರು. ಒಳಗೆ ಎರಡು ತಿರುಗುವ ಕುರ್ಚಿ. ಅದರಲ್ಲಿ ಒಂದು ತಿರುಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅಂಚಿನಲ್ಲಿ ಪಾದರಸ ಎದ್ದುಹೋದ ಉದ್ದನೆಯ ಕನ್ನಡಿ. ಕೆಳಗಿನ ಹಲಗೆಯ ಮೇಲೆ ಕತ್ತರಿ, ಕತ್ತಿ, ಹಣಿಗೆ, ಸೋಪಿನ ಬಟ್ಟಲು, ಪಟಿಕದ ಕಲ್ಲು. ಕತ್ತಿ ಮಸೆಯಲು ಗೋಡೆಗೆ ತೂಗುಬಿಟ್ಟ ತೊಗಲಿನ ಪಟ್ಟಿ. ಕಾಯುವವರ ಬೆಂಚಿನ ಮೇಲೆ ಮೂರು ದಿನ ಹಳೆಯ ಪತ್ರಿಕೆ.

ಅಂಗಡಿ ಮೊದಲು ಅವಳ ಗಂಡನದಾಗಿತ್ತು. ಅವಳಿಗೆ ಇಪ್ಪತ್ತಾರು ತುಂಬಿದ ವರ್ಷ ಅವನ ಕೈ ನಡುಗಲು ಶುರುವಾಯಿತು. ಮೊದಲು ಟೀ ಲೋಟ ನಡುಗಿತು, ಆಮೇಲೆ ಹಣಿಗೆ ನಡುಗಿತು, ಕೊನೆಗೆ ಒಂದು ದಿನ ಹೈಸ್ಕೂಲು ಮೇಷ್ಟರ ಕಿವಿಯ ಹತ್ತಿರ ಕತ್ತಿ ನಡುಗಿತು. ಮೇಷ್ಟರು ಒಳ್ಳೆಯವರು, ಕಿವಿಗೆ ಬಟ್ಟೆ ಒತ್ತಿಕೊಂಡು ಸುಮ್ಮನೆ ಎದ್ದು ಹೋದರು. ಮತ್ತೆ ವರ್ಷಗಟ್ಟಲೆ ಬರಲಿಲ್ಲ. ಇದು ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಮನೆಯಲ್ಲಿ ಐದು ವರ್ಷದ ಮಗಳು. ಆಸ್ಪತ್ರೆಯಿಂದ ಬಂದ ಮಾರನೇ ಬೆಳಿಗ್ಗೆ ಗಂಡ ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತು, ಕೊರಳಿಗೆ ಬಟ್ಟೆ ಸುತ್ತಿಕೊಂಡು, "ಬಾ, ನನ್ನ ಮುಖದ ಮೇಲೆ ಕಲಿ" ಅಂದ.

"ಕುಯ್ದುಬಿಟ್ರೆ?"

"ಕುಯ್ದ್ರೆ ನಿನ್ನ ಗಂಡನ ಕೆನ್ನೆ ತಾನೆ. ಕೇಸು ಹಾಕಲ್ಲ."

ಮೂರು ತಿಂಗಳು ಅವನ ಕೆನ್ನೆಯ ಮೇಲೆ ಗಡ್ಡವೆನ್ನುವುದಕ್ಕೆ ತಲೆಯೆತ್ತಲು ಪುರುಸೊತ್ತು ಸಿಗಲಿಲ್ಲ. ದಿನಕ್ಕೆರಡು ಸಲ ನೊರೆ, ದಿನಕ್ಕೆರಡು ಸಲ ಕತ್ತಿ. ಅವಳ ಕೈ ಪಳಗಿತು. ಆದರೆ ಹೆಂಗಸಿನ ಕೈಗೆ ತಲೆ ಕೊಡುವ ಗಂಡಸು ಬೇಕಲ್ಲ. ಬೀದಿಯಲ್ಲಿ ಹೋಗುವವರು ಇಣುಕಿ ನೋಡಿ ಹಲ್ಲು ಕಿಸಿಯುತ್ತಿದ್ದರೇ ಹೊರತು ಒಳಗೆ ಬರುತ್ತಿರಲಿಲ್ಲ. ಹೀಗೆ ಎರಡು ವಾರ ಕಳೆದ ಮೇಲೆ ಪಕ್ಕದ ಗೂಡಂಗಡಿಯ ಬೀಗದ ತಾತ ಬಂದು ಕುರ್ಚಿಯಲ್ಲಿ ಕೂತ. ಆಗವನಿಗೆ ಐವತ್ತು ದಾಟಿತ್ತಷ್ಟೆ, ಆದರೂ ಬೀದಿಗೆಲ್ಲ ತಾತನೇ.

"ಊರಿನವರು ತಮ್ಮ ಮನೆ ಕೀಲಿನೇ ನನ್ನ ಕೈಗೆ ಕೊಡ್ತಾರಮ್ಮ," ಅಂದ ಅವನು, ಕತ್ತು ಹಿಂದಕ್ಕೆ ಚಾಚಿ. "ನಾನು ನಿನ್ನ ಕೈಗೆ ಕುತ್ತಿಗೆ ಕೊಟ್ರೆ ಏನು ಮುಳುಗಿಹೋಗುತ್ತೆ. ಹಾಕು ನೊರೆ."

ತಾತ ಹೊಳೆಯಾಚೆಯವನು. ಊರನ್ನು ಸೀಳಿಕೊಂಡು ಒಂದು ಹೊಳೆ ಹರಿಯುತ್ತಿತ್ತು. ಈಚೆಯವರು ಒಂದು ಬಗೆಯಲ್ಲಿ ದೇವರನ್ನು ಕರೆಯುತ್ತಿದ್ದರು, ಆಚೆಯವರು ಇನ್ನೊಂದು ಬಗೆಯಲ್ಲಿ. ಹೆಣ್ಣು ಕೊಡುವ ತರುವ ಮಾತಿರಲಿಲ್ಲ. ಆದರೆ ಬೀಗ ಕೆಟ್ಟರೆ ಈಚೆಯವರು ಆಚೆಯವನನ್ನು ಕರೆಯುತ್ತಿದ್ದರು, ತಲೆ ಬೆಳೆದರೆ ಆಚೆಯವರು ಈಚೆಗೆ ಬರುತ್ತಿದ್ದರು. ಅಷ್ಟರಲ್ಲೇ ಊರು ನಡೆಯುತ್ತಿತ್ತು.

ತಾತನ ನುಣ್ಣನೆಯ ಗಲ್ಲವೇ ಅವಳ ಅಂಗಡಿಗೆ ಬೋರ್ಡಾಯಿತು. ಆರು ತಿಂಗಳಲ್ಲಿ ಬೆಂಚು ತುಂಬಿತು. ಗಂಡ ಮೂಲೆಯ ಸ್ಟೂಲಿನಲ್ಲಿ ಕೂತು ಪತ್ರಿಕೆ ಓದಿ ಹೇಳುತ್ತಾ, ಸರ್ಕಾರಗಳನ್ನು ಬೈಯುತ್ತಾ, ಹದಿನೈದು ವರ್ಷ ಗಿರಾಕಿಗಳಿಗೆ ಬೇಸರವಾಗದಂತೆ ನೋಡಿಕೊಂಡು ತೀರಿಕೊಂಡ. ಅವಳು ಮಗಳನ್ನು ಓದಿಸಿದಳು, ಮಗಳು ಶಾಲೆಯಲ್ಲಿ ಟೀಚರಾದಳು, ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿ ಸಂಸಾರ ಹೂಡಿದಳು. ಕತ್ತರಿಯಕ್ಕನಿಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ. ಕುರ್ಚಿಯಲ್ಲಿ ಕೂತವರು ಮಿಸುಕಾಡಿದರೆ ಹಣಿಗೆಯಿಂದ ನೆತ್ತಿಗೆ ಒಂದು ಕುಟ್ಟಿ, "ಅಲ್ಲಾಡಿದ್ರೆ ಕಿವಿ ನಿಮ್ಮದಲ್ಲ" ಅನ್ನುತ್ತಿದ್ದಳು. ಅಮಲ್ದಾರರ ತಲೆಯಾದರೂ ಅಷ್ಟೆ, ಹಮಾಲಿಯ ತಲೆಯಾದರೂ ಅಷ್ಟೆ.

ತಲೆಗಳ ಗುಟ್ಟು ಅವಳಿಗೆ ಗೊತ್ತಿದ್ದಷ್ಟು ಅವರವರ ಹೆಂಡತಿಯರಿಗೂ ಗೊತ್ತಿರಲಿಲ್ಲ. ಯಾರ ಕೂದಲೊಳಗೆ ಹೇನು, ಯಾರ ಕಿವಿಯ ಹಿಂದೆ ಅಪ್ಪನ ಹೊಡೆತದ ಗಾಯ, ಯಾರ ಮೀಸೆಗೆ ಬಣ್ಣ. ಜವಳಿ ಅಂಗಡಿಯ ಯಜಮಾನರದ್ದಂತೂ ದೊಡ್ಡ ಕಸರತ್ತು. ಎಡಗಿವಿಯ ಮೇಲಿನ ಕೂದಲನ್ನು ಉದ್ದಕ್ಕೆ ಬೆಳೆಸಿ, ನಡುನೆತ್ತಿಯ ಬೋಳಿನ ಮೇಲೆ ಹಾಯಿಸಿ, ಬಲಗಿವಿಯ ಹತ್ತಿರ ಎಣ್ಣೆಯಿಂದ ಅಂಟಿಸಬೇಕು. ಹತ್ತೊಂಬತ್ತು ವರ್ಷ ವಾರಕ್ಕೆರಡು ಸಲ ಅವಳು ಅದನ್ನು ಮಾಡಿದಳು, ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ಗಿರಾಕಿಯ ಮರ್ಯಾದೆ ಕಾಯುವುದೂ ಕೆಲಸದ ಒಂದು ಭಾಗವೆಂದು ಅವಳ ಗಂಡ ಕಲಿಸಿದ್ದ.

ಈ ಯಜಮಾನರೇ ಮುಂದೆ ಸನ್ನಡತೆ ಸಮಿತಿಯ ಅಧ್ಯಕ್ಷರಾದದ್ದು.

ಅದು ಒಂದೇ ದಿನ ಬಂದದ್ದಲ್ಲ. ಮೊದಲು ಪ್ರಾರ್ಥನೆಯ ಹೊತ್ತಿನಲ್ಲಿ ಅಂಗಡಿಗಳು ಬಾಗಿಲು ಹಾಕಬೇಕೆಂದರು. ಹೋಗಲಿ ಎಂದು ಎಲ್ಲರೂ ಹಾಕಿದರು. ಆಮೇಲೆ ಬಸ್ ನಿಲ್ದಾಣದ ಉದ್ದನೆಯ ಬೆಂಚನ್ನು ಗರಗಸದಿಂದ ಎರಡು ತುಂಡು ಮಾಡಿ, ಒಂದನ್ನು ಗಂಡಸರಿಗೆ ಇನ್ನೊಂದನ್ನು ಹೆಂಗಸರಿಗೆ ಎಂದು ದೂರ ದೂರ ಇಟ್ಟರು. ಗಂಡನ ಪಕ್ಕ ಕೂರಲು ಹೋದ ತುಂಬಿದ ಬಸುರಿಯನ್ನು ಎಬ್ಬಿಸಿ ಕಳಿಸಿದರು. ಅದಾದ ಮೇಲೆ ಸಮಿತಿಯ ನಾಲ್ವರು ಕತ್ತರಿಯಕ್ಕನ ಅಂಗಡಿಗೆ ಬಂದು, ಆಚೆಯವರಿಗೊಂದು ಕತ್ತಿ ಟವೆಲು, ಈಚೆಯವರಿಗೊಂದು ಕತ್ತಿ ಟವೆಲು ಇಡಬೇಕೆಂದರು.

ಅವಳು ಕೈಯಲ್ಲಿದ್ದ ಪೊರಕೆಯನ್ನು ಅವರತ್ತ ಚಾಚಿದಳು. "ಕತ್ತಿ ಬೇರೆ ಇಡೋಣ. ನೆಲದ ಮೇಲೆ ಬಿದ್ದಿರೋ ಕೂದಲು ನೋಡಿ, ಬೆಳಿಗ್ಗೆಯಿಂದ ಕೂಡಿರೋದು. ಇದರಲ್ಲಿ ಆಚೆಯೋರದ್ದು ಯಾವುದು, ಈಚೆಯೋರದ್ದು ಯಾವುದು, ಆರಿಸಿಕೊಡಿ. ಬೇರೆ ಬೇರೆನೇ ಗುಡಿಸ್ತೀನಿ."

ಬೆಂಚಿನ ಮೇಲಿದ್ದವರು ನಕ್ಕರು. ಆಗಿನ್ನೂ ನಗಲು ಬರುತ್ತಿತ್ತು.

ಮುಂದಿನ ವರ್ಷ ರಾಜಧಾನಿಯಲ್ಲಿ ಸನ್ನಡತೆ ಕಾಯ್ದೆ ಪಾಸಾಯಿತು. ನಲವತ್ತೆರಡು ಕಲಮು. ಅದರಲ್ಲಿ ಹದಿನಾಲ್ಕನೆಯದು ಹೀಗಿತ್ತು: ವೈದ್ಯಕೀಯ ಚಿಕಿತ್ಸೆಯ ಹೊರತು ಯಾವುದೇ ವೃತ್ತಿಯ ನೆಪದಲ್ಲಿ ಹೆಂಗಸು ತನ್ನ ಸಂಬಂಧಿಯಲ್ಲದ ಗಂಡಸಿನ ತಲೆ, ಮುಖ ಅಥವಾ ಮೈಯನ್ನು ಮುಟ್ಟತಕ್ಕದ್ದಲ್ಲ, ಮುಟ್ಟಿಸಿಕೊಂಡವನೂ ಸಮಾನ ತಪ್ಪಿತಸ್ಥ. ತಿಂಗಳ ಒಂದನೇ ತಾರೀಖಿನಿಂದ ಜಾರಿ.

ನಾಲ್ಕನೇ ತಾರೀಖು ಬೆಳಿಗ್ಗೆ ಯಜಮಾನರು ಎಂದಿನಂತೆ ಬಂದರು. ಕುರ್ಚಿಯಲ್ಲಿ ಕೂತರು. ಅವಳು ಪತ್ರಿಕೆಯಲ್ಲಿ ಕಾಯ್ದೆಯ ಸುದ್ದಿ ಓದಿದ್ದಳು. ಆದರೆ ಅಧ್ಯಕ್ಷರೇ ಬಂದು ಕೂತ ಮೇಲೆ ಅದು ನಮ್ಮಂಥವರಿಗಲ್ಲ, ದೊಡ್ಡ ಊರುಗಳ ಮಸಾಜಿನ ಅಂಗಡಿಗಳಿಗೆ ಎಂದು ಸಮಾಧಾನ ಮಾಡಿಕೊಂಡಳು. ನೊರೆ ಹಚ್ಚಿದಳು, ಕತ್ತಿ ಆಡಿಸಿದಳು, ಮೀಸೆಯ ಬುಡದ ಬಿಳಿಗೆ ಬಣ್ಣ ತೀಡಿದಳು, ಎಡಗಿವಿಯ ಕೂದಲನ್ನು ಬಲಗಿವಿಗೆ ಸೇರಿಸಿದಳು. ಯಜಮಾನರು ಕಣ್ಣು ಮುಚ್ಚಿ ಹಾಯಾಗಿ ಕೂತಿದ್ದರು. ಮುಖ ಒರೆಸಿ ಬಟ್ಟೆ ಕೊಡವಿದ ಮೇಲೆ ಎದ್ದು, ಕನ್ನಡಿಯಲ್ಲಿ ಎರಡೂ ಕಡೆ ತಿರುಗಿ ನೋಡಿಕೊಂಡು, ಜೇಬಿನಿಂದ ಒಂದು ಮಡಿಸಿದ ಕಾಗದ ತೆಗೆದು ಹಲಗೆಯ ಮೇಲಿಟ್ಟರು.

ಅಂಗಡಿ ಮುಚ್ಚುವ ನೋಟೀಸು. ಎರಡನೇ ತಾರೀಖಿಗೆ ಅವರದೇ ಸಹಿ.

"ಎರಡು ದಿನದಿಂದ ಇದು ನಿಮ್ಮ ಜೇಬಲ್ಲಿತ್ತಾ?" ಅಂದಳು.

"ಕೆಲಸ ಮುಗೀಲಿ, ಆಮೇಲೆ ಕೊಡೋಣ ಅಂತ," ಅಂದರು ಯಜಮಾನರು. "ನನಗೆ ನಿನ್ನ ಮೇಲೆ ವೈಯಕ್ತಿಕವಾಗಿ ಏನೂ ಇಲ್ಲಮ್ಮ. ಧರ್ಮ ಅನ್ನೋದು ಒಂದಿದೆಯಲ್ಲ."

ಅವಳ ಕೈಯಲ್ಲಿ ಕತ್ತಿ ಇನ್ನೂ ತೆರೆದೇ ಇತ್ತು. ಅರ್ಧ ಗಂಟೆ ಅದು ಅವರ ಗಂಟಲಿನ ಮೇಲೆ ಹರಿದಾಡಿತ್ತು, ಒಂದು ಕೂದಲೂ ಕೊಂಕದ ಹಾಗೆ. ಅವಳು ಅದನ್ನು ಒರೆಸಿ, ಮಡಿಸಿ, ಇಟ್ಟಳು. ಮುಂದೆ ಎಷ್ಟೋ ಸಲ ಮಗಳ ಹತ್ತಿರ ಹೇಳುತ್ತಿದ್ದಳು: "ಅಂಗಡಿ ಹೋಗಿದ್ದಕ್ಕಿಂತ ಅದು ಉರಿಯುತ್ತೆ ನನಗೆ. ನನ್ನ ಕೈಯ ಕೆಲಸ ಬೇಕಿತ್ತು ಆ ಮನುಷ್ಯನಿಗೆ. ನೆಮ್ಮದಿಯಾಗಿ ಕಣ್ಣು ಮುಚ್ಕೊಂಡು ಮಾಡಿಸ್ಕೊಂಡ."

ಮಾರನೇ ದಿನ ಸಮಿತಿಯ ಕಚೇರಿಗೆ ಹೋದಳು. ಮೇಜಿನ ಆಚೆ ಕೂತಿದ್ದ ಅಧಿಕಾರಿ ಇನ್ನೂ ಎಳೆಯ, ಮೀಸೆ ಸರಿಯಾಗಿ ದಟ್ಟವಾಗಿರಲಿಲ್ಲ. ಅವನು ತಾಳ್ಮೆಯಿಂದ ದಾರಿಗಳನ್ನು ತಿಳಿಸಿದ. ಅಂಗಡಿಯನ್ನು ಮೈದುನನ ಹೆಸರಿಗೆ ಮಾಡಿ ಅವನ ಕೈಯಲ್ಲಿ ಕೆಲಸ ಮಾಡಿಸಬಹುದು.

"ನನ್ನ ಮೈದುನ ಸೀಮೆಎಣ್ಣೆ ಮಾರ್ತಾನೆ. ಅವನ ಕೈಗೆ ಕತ್ತಿ ಕೊಟ್ರೆ ಊರಲ್ಲಿ ಕಿವಿ ಉಳಿಯಲ್ಲ."

ಹಾಗಾದರೆ ಹೆಂಗಸರ ಕೂದಲು ಕತ್ತರಿಸಬಹುದು ಎಂದ ಅವನು, ತಕ್ಷಣ ಪುಟ ತಿರುವಿ, ಇಪ್ಪತ್ತೊಂದನೇ ಕಲಮಿನ ಪ್ರಕಾರ ಹೆಂಗಸರು ಕೂದಲು ಕತ್ತರಿಸಿಕೊಳ್ಳುವಂತಿಲ್ಲ ಎಂದು ತಾನೇ ತಿದ್ದಿಕೊಂಡ. ಕೊನೆಗೆ, ಮರುಮದುವೆಯ ವಿಚಾರವನ್ನೂ ಯೋಚಿಸಬಹುದು ಎಂದ.

"ಮದುವೆಯಾದ್ರೆ ಒಬ್ಬನ ತಲೆ ಮುಟ್ಟಬಹುದು. ಮಿಕ್ಕಿದ್ದ ತಲೆಗಳಿಗೆ ಏನ್ ಮಾಡ್ಲಪ್ಪ? ಎಲ್ಲರನ್ನೂ ಮದುವೆಯಾಗ್ಲಾ?"

ಅಧಿಕಾರಿಯ ಕಿವಿ ಕೆಂಪಾಯಿತು. ಹೊರಗೆ ಹೋಗಮ್ಮ ಅಂದ.

ಹೊಳೆಯಾಚೆಯವರಾದರೂ ತನ್ನ ಪರವಾಗಿ ಒಂದು ಮಾತಾಡಿಯಾರು ಎಂದುಕೊಂಡಿದ್ದಳು. ಕಾಯ್ದೆ ತಂದದ್ದು ಈಚೆಯವರು, ಅದರಿಂದ ಆಚೆಯವರಿಗೆ ಹಿಂಸೆಯೇ ಹೆಚ್ಚು. ಆದರೆ ಆ ವಾರ ಆಚೆಯ ಹಿರಿಯರು ಸೇತುವೆ ದಾಟಿ ಬಂದು ಸಮಿತಿಗೆ ಒಂದು ಮನವಿ ಕೊಟ್ಟರು: ಮಿಕ್ಕ ಕಲಮುಗಳ ಬಗ್ಗೆ ತಕರಾರಿದೆ, ಹದಿನಾಲ್ಕನೆಯದನ್ನು ಮನಃಪೂರ್ವಕ ಸ್ವಾಗತಿಸುತ್ತೇವೆ. ಎರಡೂ ಕಡೆಯವರು ಒಟ್ಟಿಗೆ ಟೀ ಕುಡಿದ ಫೋಟೋ ಪತ್ರಿಕೆಯಲ್ಲಿ ಬಂತು. ಕೆರೆಯ ನೀರಿಗೆ ಜಗಳ, ಸ್ಮಶಾನದ ಜಾಗಕ್ಕೆ ಜಗಳ, ಗಂಟೆಯ ಸದ್ದಿಗೆ ಜಗಳ ಎಂದು ನೂರು ವರ್ಷದಿಂದ ಒಂದು ವಿಷಯಕ್ಕೂ ಒಪ್ಪದವರು, ಒಬ್ಬ ಹೆಂಗಸಿನ ಕೈ ಕಟ್ಟುವುದಕ್ಕೆ ಅರ್ಧ ದಿನದಲ್ಲಿ ಒಂದಾದರು.

ಅಂಗಡಿಗೆ ಅರಗಿನ ಮುದ್ರೆ ಬಿತ್ತು. ಅವಳ ಸಾಮಾನುಗಳನ್ನು ಮಾತ್ರ ಒಯ್ಯಲು ಬಿಟ್ಟರು.

ಎರಡು ತಿಂಗಳಾದ ಮೇಲೆ ಬೀಗದ ತಾತನ ಸೊಸೆ ಹುಡುಕಿಕೊಂಡು ಬಂದಳು. ತಾತನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಗ ಲಾರಿ ಡ್ರೈವರು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. "ಗಡ್ಡ ಬೆಳೆದು ಗಂಜಿ ಎಲ್ಲಾ ಅದರೊಳಗೇ ಅಂಟ್ಕೋತಿದೆ ಅಕ್ಕ. ಚರ್ಮ ಕೆಂಪಾಗಿ ಹುಣ್ಣಾಗಿದೆ. ಆಚೆ ಕಡೆ ಕಟಿಂಗ್ ಮಾಡೋನು ಮನೆಗೆ ಬರಲ್ಲ ಅಂತಾನೆ. ಮಾವನೋರು ಮಾತು ಸರಿಯಾಗಿ ಬರದಿದ್ರೂ ಕೈ ಹೀಗೆ ಹೀಗೆ ಮಾಡಿ ನಿಮ್ಮನ್ನೇ ಕೇಳ್ತಾರೆ." ಅವಳು ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದಳು.

ಕತ್ತರಿಯಕ್ಕ ಕತ್ತರಿ ಕತ್ತಿಗಳನ್ನು ತುಂಬಿಟ್ಟಿದ್ದ ಹಲಗೆಯ ಪೆಟ್ಟಿಗೆ ಎತ್ತಿಕೊಂಡಳು. ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಹತ್ತು ಗಂಟೆಯ ಬಿಸಿಲಿನಲ್ಲಿ, ಎಲ್ಲರೂ ನೋಡುವಂತೆ, ಸೇತುವೆ ದಾಟಿದಳು.

ತಾತನನ್ನು ಕಿಟಕಿಯ ಬಳಿ ದಿಂಬಿಗೆ ಒರಗಿಸಿ ಕೂರಿಸಿದರು. ಬಿಸಿನೀರಿನ ಬಟ್ಟೆಯಿಂದ ಗಡ್ಡ ನೆನೆಸಿ, ಕತ್ತರಿಯಿಂದ ಉದ್ದ ಇಳಿಸಿ, ನೊರೆ ಹಚ್ಚಿದಳು. ಸತ್ತ ಕೆನ್ನೆ ಜೋಲುಬಿದ್ದಿತ್ತು. ಎಡಗೈಯಿಂದ ಚರ್ಮ ಎಳೆದು ಹಿಡಿದು, ಹುಣ್ಣು ತಪ್ಪಿಸಿ, ಬಲಗಡೆ ಪೂರ್ತಿ ಮಾಡಿದಳು. ತಾತ ಸರಿಯಿದ್ದ ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದ. ಎಡಗಡೆಗೆ ತಿರುಗಿಸುವಷ್ಟರಲ್ಲಿ ಬಾಗಿಲಲ್ಲಿ ಬೂಟುಗಳ ಸದ್ದಾಯಿತು. ಬೀದಿಯವರೇ ಯಾರೋ ಹೇಳಿದ್ದರು. ಸಮಿತಿಯ ಇಬ್ಬರು, ಪೊಲೀಸರು ಇಬ್ಬರು, ಅವರ ಹಿಂದೆ ಆಚೆಯ ಹಿರಿಯರಲ್ಲೊಬ್ಬರು.

"ಹತ್ತು ನಿಮಿಷ ಕೊಡಿ," ಅಂದಳು. "ಅರ್ಧ ಆಗಿದೆ. ಮುಗಿಸಿ ನಾನೇ ಬರ್ತೀನಿ."

"ಏಳು," ಅಂದ ಇನ್ಸ್‌ಪೆಕ್ಟರು.

"ನೊರೆ ಒಣಗಿದ್ರೆ ಹುಣ್ಣು ಉರಿಯುತ್ತೆ ಸ್ವಾಮಿ. ಒರೆಸೋದಕ್ಕಾದ್ರೂ ಬಿಡಿ."

ಬಿಡಲಿಲ್ಲ. ಅವಳ ಕೈಯಿಂದ ಕತ್ತಿ ಕಿತ್ತುಕೊಂಡು, ಸಾಕ್ಷಿಗೆಂದು ನೊರೆಯ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಅರ್ಧ ಬೋಳಿಸಿದ ಮುಖದ ಮುದುಕನ ಫೋಟೋ ತೆಗೆದರು, ಅದೂ ಸಾಕ್ಷಿಗೆ. ತಾತ ಎಡಗೈಯೆತ್ತಿ ಏನೋ ಹೇಳಲು ಒದ್ದಾಡಿದ. ಗಂಟಲಿನಿಂದ ಬರೀ ಗೊರಗೊರ ಸದ್ದು ಬಂತು.

ವಿಚಾರಣೆ ಒಂದೇ ಬೆಳಿಗ್ಗೆಯಲ್ಲಿ ಮುಗಿಯಿತು. ಸಾಕ್ಷಿ ಹೇಳಲು ಯಜಮಾನರು ಮೊದಲ ಸಾಲಿನಲ್ಲಿ ಕೂತಿದ್ದರು. ಮುಟ್ಟಿದ್ದು ನಿಜವೇ ಎಂದು ನ್ಯಾಯಾಧೀಶರು ಕೇಳಿದರು.

"ನಿಜ ಸ್ವಾಮಿ. ಆದ್ರೆ ತಾತನೊಬ್ಬನ್ನೇ ಯಾಕೆ ಬರ್ಕೊಂಡಿದ್ದೀರಿ? ಇಪ್ಪತ್ನಾಲ್ಕು ವರ್ಷದಿಂದ ಮುಟ್ತಾ ಇದ್ದೀನಿ. ಎಲ್ಲಾರ್ದೂ ಬರ್ಕೊಳ್ಳಿ."

"ಕಾಯ್ದೆ ಬಂದ ಮೇಲಿನದ್ದು ಮಾತ್ರ ಹೇಳಿ."

"ಹಾಗಾದ್ರೆ ಅದನ್ನೇ ಹೇಳ್ತೀನಿ. ಒಂದನೇ ತಾರೀಖಿಗೆ ಕಾಯ್ದೆ ಬಂತು. ನಾಲ್ಕನೇ ತಾರೀಖು ಈ ಯಜಮಾನರು ನನ್ನ ಕೈಲಿ ಗಡ್ಡ ಮಾಡಿಸ್ಕೊಂಡ್ರು. ಮೀಸೆಗೆ ಬಣ್ಣ ಹಾಕಿಸ್ಕೊಂಡ್ರು. ನೋಟೀಸು ಜೇಬಲ್ಲಿ ಇಟ್ಕೊಂಡು ಮಾಡಿಸ್ಕೊಂಡ್ರು. ಮುಟ್ಟಿಸಿಕೊಂಡವನೂ ಸಮಾನ ತಪ್ಪಿತಸ್ಥ ಅಂತ ನಿಮ್ಮ ಕಲಮಲ್ಲೇ ಇದೆ. ಲಕ್ವ ಹೊಡೆದಿರೋ ತಾತನ ಮೇಲೂ ಕೇಸು ಹಾಕಿದ್ದೀರಿ. ಇವರ ಮೇಲೆ ಎಲ್ಲಿದೆ?"

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಯಜಮಾನರ ಕೈ ತಾನಾಗಿ ಮೀಸೆಯತ್ತ ಹೋಗಿ ಅರ್ಧದಲ್ಲೇ ನಿಂತಿತು. ಸುಳ್ಳು, ತಮ್ಮ ಮೀಸೆಗೆ ಬಣ್ಣವಿಲ್ಲ, ತಾವು ನೋಟೀಸು ಕೊಡಲು ಮಾತ್ರ ಹೋದದ್ದು ಎಂದು ಪ್ರಮಾಣ ಮಾಡಿ ಹೇಳಿದರು. ನಾಲ್ಕನೇ ತಾರೀಖಿನ ಆ ಬೆಳಿಗ್ಗೆ ಅಂಗಡಿಯ ಬೆಂಚಿನ ಮೇಲೆ ಐದು ಜನ ಕಾಯುತ್ತಾ ಕೂತಿದ್ದರು. ಇಬ್ಬರು ಈಗ ಕೋರ್ಟಿನಲ್ಲೇ ಇದ್ದರು. ಅವಳು ಅವರತ್ತ ನೋಡಿದಳು. ಒಬ್ಬ ತನ್ನ ಚಪ್ಪಲಿ ನೋಡಿಕೊಂಡ, ಇನ್ನೊಬ್ಬ ಫ್ಯಾನು ನೋಡಿದ.

ತಪ್ಪೊಪ್ಪಿಕೊಂಡು ಪ್ರಾರ್ಥನಾ ಮಂದಿರದಲ್ಲಿ ಕ್ಷಮೆ ಕೇಳಿದರೆ ಎಚ್ಚರಿಕೆ ಕೊಟ್ಟು ಬಿಡಬಹುದು ಎಂದು ನ್ಯಾಯಾಧೀಶರು ಹೇಳಿದರು. ಯಾರ ಹತ್ತಿರ ಕೇಳಬೇಕೆಂದು ಅವಳು ಕೇಳಿದಳು. ದೇವರ ಹತ್ತಿರ, ಸಮಿತಿಯ ಸಮ್ಮುಖದಲ್ಲಿ ಎಂದರು. "ದೇವರ ಹತ್ರ ಕೇಳೋದಾದ್ರೆ ಮನೇಲೇ ಕೇಳ್ತೀನಿ. ಮಧ್ಯೆ ಇವರು ಯಾಕೆ?" ಅಂದಳು. ನಲವತ್ತು ದಿನ ಜೈಲು, ಲೈಸೆನ್ಸು ರದ್ದು.

ಜೈಲಿನ ಹೆಂಗಸರ ಕೋಣೆಯಲ್ಲಿ ಹನ್ನೊಂದು ಜನ. ಕಳ್ಳತನದವರು ಇಬ್ಬರು, ಮಿಕ್ಕವರೆಲ್ಲ ಸನ್ನಡತೆಯವರು. ಹೊಳೆಯಾಚೆಯ ಹುಡುಗನನ್ನು ಮದುವೆಯಾದ ಈಚೆಯ ಹುಡುಗಿ. ಅವಳನ್ನು ಹಿಡಿದುಕೊಟ್ಟದ್ದು ಅವಳ ಸ್ವಂತ ಅಣ್ಣ. ಗಂಡನ ಹೆಸರು ಕೇಳದೆ ಹೆರಿಗೆ ಮಾಡಿಸಿದ ನರ್ಸು. ಗಂಡಸರಿದ್ದ ಕಡೆ ಹಾಡಿದಳೆಂದು ಹಿಡಿದು ತಂದ ಹತ್ತೊಂಬತ್ತರ ಹುಡುಗಿ; ಅವಳಿಗೆ ಇನ್ನೂ ತಾನೇನು ಮಾಡಿದೆನೆಂದು ಅರ್ಥವಾಗಿರಲಿಲ್ಲ. ಎಲ್ಲರ ತಲೆಯಲ್ಲೂ ಹೇನು ಮುತ್ತಿತ್ತು. ಮೂರನೇ ದಿನ ಮೇಟ್ರನ್ ಒಂದು ಕತ್ತರಿ ತಂದು ಕತ್ತರಿಯಕ್ಕನ ಮುಂದೆ ಇಟ್ಟಳು.

"ಎಲ್ಲರದ್ದೂ ಚಿಕ್ಕದಾಗಿ ಕತ್ತರಿಸಿಬಿಡು."

"ಇಪ್ಪತ್ತೊಂದನೇ ಕಲಮು?"

ಮೇಟ್ರನ್ ಸುತ್ತ ನೋಡಿ, "ಜೈಲಿನೊಳಗೆ ಅದು ಅನ್ವಯ ಆಗಲ್ವಂತೆ" ಅಂದಳು.

ಕತ್ತರಿಯಕ್ಕ ಆ ದಿನವಿಡೀ ನಕ್ಕಳಂತೆ. ಅದು ಖುಷಿಯ ನಗುವಾಗಿರಲಿಲ್ಲ. ಅಷ್ಟು ದಿನ ಅವಳ ಕೋಪ ಒಬ್ಬ ಜವಳಿ ವ್ಯಾಪಾರಿಯ ಮೇಲೆ, ಒಂದು ಮುಚ್ಚಿದ ಬಾಗಿಲಿನ ಮೇಲೆ ಇತ್ತು. ಹಾಡಿದ ಹುಡುಗಿಯ ಜಡೆ ಕತ್ತರಿಸುತ್ತಾ, ಆ ಹುಡುಗಿ ಸದ್ದಿಲ್ಲದೆ ಅಳುವುದನ್ನು ಬೆರಳುಗಳ ಕೆಳಗೆ ಅನುಭವಿಸುತ್ತಾ, ಆ ಕೋಪ ಅಗಲವಾಯಿತು.

ಜೈಲಿನಿಂದ ಹೊರಬಂದ ದಿನ ಗೇಟಿನಲ್ಲಿ ಮಗಳು ಇರಲಿಲ್ಲ. ಬೀಗದ ತಾತನ ಸೊಸೆ ನಿಂತಿದ್ದಳು. ತಾತ ಹದಿನೆಂಟು ದಿನದ ಹಿಂದೆ ತೀರಿಕೊಂಡಿದ್ದ. ಕೇಸಿನ ಭಯಕ್ಕೆ ಯಾವ ಕ್ಷೌರದವನೂ ಮನೆಯ ಕಡೆ ಸುಳಿಯಲಿಲ್ಲ; ಅರ್ಧ ಗಡ್ಡ ಹಾಗೇ ಬೆಳೆಯುತ್ತಿತ್ತು. ಮಗ ಬಂದು ಬ್ಲೇಡು ಹಿಡಿದು ಹೇಗೋ ಎರಡೂ ಕಡೆ ಸಮ ಮಾಡಿದನಂತೆ, ಗಾಯವೂ ಮಾಡಿದನಂತೆ. ಸತ್ತ ಮೇಲೆ ಆಚೆಯ ಹಿರಿಯರು, ಪರಧರ್ಮದ ಹೆಂಗಸು ಮುಟ್ಟಿದ ಮೈ ಎಂದು, ಮಗನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುವವರೆಗೆ ಹೆಣ ಎತ್ತಲು ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಹೆಣ ಮನೆಯಲ್ಲೇ ಇತ್ತು.

ಕತ್ತರಿಯಕ್ಕ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಳು. "ನಾನು ಬರ್ಲೇಬಾರ್ದಿತ್ತು ಅಂತ ನಿನಗನ್ನಿಸ್ತಾ?" ಎಂದು ಕೇಳಿದಳು.

"ಇಲ್ಲ ಅಕ್ಕ. ಅವತ್ತು ಮಧ್ಯಾಹ್ನ ಬಲಗೆನ್ನೆ ಸವರಿಕೊಳ್ತಾ ಸವರಿಕೊಳ್ತಾ ಮಲಗಿದ್ರು."

ಮಗಳು ಬಂದದ್ದು ಮುಂದಿನ ಭಾನುವಾರ. ಕಣ್ಣು ಬಾತುಕೊಂಡಿದ್ದವು. ಶಾಲೆಯಲ್ಲಿ ಅವಳ ಮುಂದೆ ಒಂದು ಕಾಗದ ಇಟ್ಟಿದ್ದರು: ನನ್ನ ತಾಯಿಯ ನಡತೆಯನ್ನು ನಾನು ಖಂಡಿಸುತ್ತೇನೆ, ಆಕೆಯೊಂದಿಗೆ ನನಗೆ ಸಂಪರ್ಕವಿಲ್ಲ. ಸಹಿ ಹಾಕದಿದ್ದರೆ ಮಕ್ಕಳಿಗೆ ಪಾಠ ಹೇಳಲು ಯೋಗ್ಯಳಲ್ಲ ಎಂದು ಬರೆದು ಕಳಿಸುತ್ತಿದ್ದರು. ಅವಳು ಸಹಿ ಹಾಕಿದ್ದಳು.

ಕತ್ತರಿಯಕ್ಕ ಊಟಕ್ಕೆ ಬಡಿಸಿದಳು. ಮಗಳು ಅರ್ಧ ತಿಂದು ಕೈ ನಿಲ್ಲಿಸಿದಳು.

"ಕೋಪನಾ ಅಮ್ಮ?"

"ಹೌದು."

"ನನ್ನ ಮೇಲಾ?"

"ನಿನ್ನ ಮೇಲೆ ಸ್ವಲ್ಪ. ಮಿಕ್ಕಿದ್ದು ಬೇಕಾದಷ್ಟಿದೆ, ಹಂಚೋದಕ್ಕೆ ಜನಾನೂ ಇದ್ದಾರೆ. ತಿನ್ನು."

ಆಮೇಲೆ ಗಿರಾಕಿಗಳು ಬರತೊಡಗಿದರು. ಮೈದುನ ಅಂಗಡಿ ತೆರೆಯಲಿಲ್ಲ, ಊರಿನ ಬೇರೆ ಕ್ಷೌರದವರ ಕೈಗೆ ತಲೆ ಕೊಟ್ಟವರೆಲ್ಲ ಕಾಗೆ ಕುಕ್ಕಿದ ಹಾಗೆ ಕಾಣುತ್ತಿದ್ದರು. ತಲೆಯ ಮೇಲೆ ಟವೆಲು ಹಾಕಿಕೊಂಡು ಮನೆಯ ಹಿತ್ತಲ ಬಾಗಿಲಿಗೆ ಬಂದು ಮೆಲ್ಲಗೆ ತಟ್ಟುವುದು. ಕೋರ್ಟಿನಲ್ಲಿ ಫ್ಯಾನು ನೋಡಿದವನೂ ಬಂದ.

"ಬೇಗ ಒಂದ್ಸಲ ಮಾಡಿಬಿಡಿ ಅಕ್ಕ. ಯಾರೂ ನೋಡಿಲ್ಲ."

"ನೋಡಬೇಕಾಗಿತ್ತು," ಅಂದಳು ಕತ್ತರಿಯಕ್ಕ. "ಇಪ್ಪತ್ನಾಲ್ಕು ವರ್ಷ ಬೀದಿಗೆ ಬಾಗಿಲು ತೆರೆದಿಟ್ಟು ಮಾಡಿದ ಕೆಲಸ ಇದು. ಈಗ ಹಿತ್ತಲಲ್ಲಿ ಮಾಡಿದ್ರೆ ಅವರು ಹೇಳಿದ್ದೇ ನಿಜ ಅಂತ ನಾನೇ ಒಪ್ಪಿದ ಹಾಗೆ. ಮುಂದಿನ ಬಾಗಿಲಿಗೆ ಬನ್ನಿ. ಇಲ್ಲಾ ಅಂದ್ರೆ ದೊಡ್ಡ ಕೋರ್ಟಿಗೆ ಅಪೀಲು ಹಾಕ್ತಿದ್ದೀನಿ, ಅಲ್ಲಿ ಬಂದು ಹೇಳಿ. ಈ ಹೆಂಗಸಿನ ಕೈಲಿ ಇಷ್ಟು ವರ್ಷ ತಲೆ ಮಾಡಿಸಿಕೊಂಡೆ, ನನ್ನ ಮಾನ ಎಲ್ಲೂ ಹೋಗಿಲ್ಲ ಅಂತ. ಹೇಳಿದೋರಿಗೆ ಸಾಯೋವರೆಗೂ ಮಾಡ್ತೀನಿ."

ಅವನು ಟವೆಲು ಸರಿಮಾಡಿಕೊಂಡು ಹೋದ. ಹೀಗೆ ಹೋದವರು ಎಷ್ಟೋ ಮಂದಿ. ಅವಳ ಕೈಗೆ ತಲೆ ಕೊಟ್ಟವರು ಊರಿನಲ್ಲಿ ಸಾವಿರಕ್ಕೆ ಕಡಿಮೆಯಿರಲಿಲ್ಲ. ಹೇಳಿಕೆಗೆ ಸಹಿ ಹಾಕಿದವರು ನಾಲ್ಕು ಜನ. ಕಿವಿ ಕುಯ್ಸಿಕೊಂಡು ಅಂಗಡಿಗೆ ಬರುವುದನ್ನೇ ಬಿಟ್ಟು, ಹತ್ತು ವರ್ಷದ ಮೇಲೆ ನಾಚಿಕೊಂಡು ಮರಳಿ ಬಂದಿದ್ದ ಹೈಸ್ಕೂಲು ಮೇಷ್ಟರು. ಒಬ್ಬ ಬಸ್ ಡ್ರೈವರು. ಉಗ್ಗುವ ಒಬ್ಬ ಹಮಾಲಿ, ಕಟಕಟೆಯಲ್ಲಿ ಒಂದು ವಾಕ್ಯ ಮುಗಿಸಲು ಮೂರು ನಿಮಿಷ ತೆಗೆದುಕೊಂಡರೂ ಬಿಡದೆ ಮುಗಿಸಿದವನು. ಮತ್ತು ಬೀಗದ ತಾತನ ಮಗ. ತಪ್ಪೊಪ್ಪಿಗೆ ಬರೆದುಕೊಟ್ಟ ಕೈಯಲ್ಲೇ ಇದಕ್ಕೂ ಸಹಿ ಹಾಕಿದ.

ಅಪೀಲು ಎರಡು ವರ್ಷ ನಡೆಯಿತು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಐದು ಗಂಟೆ ಪ್ರಯಾಣ, ಕಾರಿಡಾರಿನ ಬೆಂಚು, ಮುಂದಿನ ತಾರೀಖು, ಮತ್ತೆ ಐದು ಗಂಟೆ. ಮಧ್ಯದಲ್ಲೊಮ್ಮೆ ಸಮಿತಿಯಿಂದ ರಾಜಿಗೆ ಬಂದರು: ಒಬ್ಬ ಗಂಡಸು ಮೇಲ್ವಿಚಾರಕನಾಗಿ ಅಂಗಡಿಯಲ್ಲಿ ಕೂತಿರುತ್ತಾನೆ, ಅವಳು ಕೈಗೆ ಗವುಸು ಹಾಕಿಕೊಂಡು ಕೆಲಸ ಮಾಡಬಹುದು, ಅಪೀಲು ಮಾತ್ರ ವಾಪಸು ತೆಗೆದುಕೊಳ್ಳಬೇಕು. ಅವಳು ಬಾಗಿಲು ತೋರಿಸಿದಳು. ಕೊನೆಗೆ ತೀರ್ಪು ಬಂತು. ಸಮಿತಿಯ ನೇಮಕ ಗೆಜೆಟ್ಟಿನಲ್ಲಿ ಅಚ್ಚಾಗುವ ಐದು ದಿನ ಮೊದಲೇ ಅಧ್ಯಕ್ಷರು ನೋಟೀಸಿಗೆ ಸಹಿ ಹಾಕಿದ್ದರಿಂದ ಆ ನೋಟೀಸು ಊರ್ಜಿತವಲ್ಲ. ಸಮಿತಿ ಕೇಸು ಹೂಡಿದ್ದೂ ಅದೇ ನೋಟೀಸಿನ ಆಧಾರದ ಮೇಲಾದ್ದರಿಂದ ಶಿಕ್ಷೆಯೂ ರದ್ದು, ಅಂಗಡಿಯ ಮುದ್ರೆ ತೆಗೆಯತಕ್ಕದ್ದು. ಹದಿನಾಲ್ಕನೇ ಕಲಮಿನ ಬಗ್ಗೆ ಈ ಪ್ರಕರಣದಲ್ಲಿ ಅಭಿಪ್ರಾಯ ಹೇಳುವ ಅಗತ್ಯವಿಲ್ಲ.

ಎರಡು ವರ್ಷ ಅವಳ ಪರ ವಾದಿಸಿದ ವಕೀಲೆ ಹುಡುಗಿ ಕೈ ಕುಲುಕಲು ಬಂದಾಗ ಕತ್ತರಿಯಕ್ಕನ ಮುಖ ಗಂಟಿಕ್ಕಿತ್ತು.

"ಗೆದ್ವಿ ಅಕ್ಕ."

"ನಾನು ತಪ್ಪು ಮಾಡಿಲ್ಲ ಅಂತ ಎಲ್ಲಿ ಹೇಳಿದ್ರು? ಕಾಗದ ತಪ್ಪು ಅಂದ್ರು. ಕಾಗದ ಸರಿಯಾಗಿದ್ದಿದ್ರೆ ನಾನು ಕೆಟ್ಟವಳೇ ಅಂತಾಯ್ತಲ್ಲ. ತಾತನ ವಿಷಯ ಒಂದು ಸಾಲೂ ಇಲ್ಲ ಇದರಲ್ಲಿ."

ಹುಡುಗಿ ತೀರ್ಪಿನ ಪ್ರತಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮಾರನೇ ವಾರ ಅಂಗಡಿಯ ಬಾಗಿಲು ತೆರೆದಳು. ಧೂಳು ಹೊಡೆದಳು, ತೊಗಲಿನ ಪಟ್ಟಿಗೆ ಎಣ್ಣೆ ಸವರಿದಳು. ಹೇಳಿಕೆಗೆ ಸಹಿ ಹಾಕಿದ್ದ ನಾಲ್ಕು ಜನ ಹಗಲು ಬೆಳಕಿನಲ್ಲಿ ಬಂದು ಬೆಂಚಿನ ಮೇಲೆ ಕೂತರು. ಮೂರನೆಯವನ ತಲೆ ನಡೆಯುತ್ತಿರುವಾಗ ಜೀಪು ಬಂದು ನಿಂತಿತು. ಈ ಸಲ ಕಾಗದ ಸರಿಯಾಗಿತ್ತು, ಸೀಲಿತ್ತು, ತಾರೀಖಿತ್ತು. ಬೇರೆ ಅಧ್ಯಕ್ಷರ ಸಹಿಯಿತ್ತು. ಯಜಮಾನರು ಅಷ್ಟರಲ್ಲಿ ಮೇಲಿನ ಹುದ್ದೆಗೆ ಹೋಗಿದ್ದರು. ಇನ್ಸ್‌ಪೆಕ್ಟರ ಮುಂದೆಯೇ ಅವಳು ಹಮಾಲಿಯ ಕತ್ತಿನ ಹಿಂದಿನ ಗೆರೆಯನ್ನು ನೇರ ಮಾಡಿ ಮುಗಿಸಿದಳು. ಈ ಸಲ ಯಾರೂ ಅವಳ ಕೈಯಿಂದ ಕತ್ತಿ ಕಿತ್ತುಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು ಕಾದರು. ಜೀಪಿನ ಸುತ್ತ ಜನ ಸೇರಿದ್ದರು. ಆ ಗುಂಪಿನಿಂದ ಮಗಳು ಬಂದು, ತಾಯಿಯ ಪಕ್ಕದಲ್ಲಿ ಜೀಪಿನವರೆಗೆ ನಡೆದಳು. ಶಾಲೆಯ ಹೊತ್ತು ಅದು. ರಜೆ ಹಾಕಿದ್ದಳೋ ಬಿಟ್ಟೇ ಬಂದಿದ್ದಳೋ ಕತ್ತರಿಯಕ್ಕ ಕೇಳಲಿಲ್ಲ.

ಠಾಣೆಯಲ್ಲಿ ರೈಟರು ನಮೂನೆ ತುಂಬಿಸುತ್ತಿದ್ದ. ವ್ಯಾಜ್ಯ ಹೊಸದಾದ್ದರಿಂದ ಎಲ್ಲ ಮೊದಲಿನಿಂದ. ವಯಸ್ಸು ಐವತ್ಮೂರು. ವಿಧವೆ. ವಿಳಾಸ. ಬರೆದು ಮುಗಿಸಿ, ಸಹಿಗೆಂದು ಅವಳತ್ತ ತಳ್ಳಿದ. ಅವಳು ಕನ್ನಡಕ ಹಾಕಿಕೊಂಡು ಮೇಲಿನಿಂದ ಓದಿದಳು. ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇದೇನು, ಕಸುಬು ಅನ್ನೋ ಕಡೆ ಮನೆಕೆಲಸ ಅಂತ ಬರೆದಿದ್ದೀರಿ?"

"ಹೆಂಗಸರಿಗೆ ಹಾಗೇ ಬರೆಯೋದು."

"ಹೊಡೆದು ಹಾಕಿ. ಕ್ಷೌರ ಅಂತ ಬರೀರಿ."

"ಅದು ನಿಮಗೆ ನಿಷೇಧ ಆಗಿರೋ ಕೆಲಸ ಅಲ್ವೇನಮ್ಮ? ಅದನ್ನ ಕಸುಬು ಅಂತ ಹೇಗೆ ಬರೆಯೋದು?"

"ಅದಕ್ಕೇ ತಾನೆ ಹಿಡ್ಕೊಂಡು ಬಂದಿರೋದು. ಮನೆಕೆಲಸ ಮಾಡಿದ್ದಕ್ಕೆ ಹಿಡ್ಕೊಂಡು ಬಂದಿದ್ದೀರಾ?"

ರೈಟರು ಇನ್ಸ್‌ಪೆಕ್ಟರ ಕಡೆ ನೋಡಿದ. ಇನ್ಸ್‌ಪೆಕ್ಟರು ಕಿಟಕಿಯ ಕಡೆ ನೋಡುತ್ತಿದ್ದ. ಕತ್ತರಿಯಕ್ಕ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಎಷ್ಟು ಹೊತ್ತಾದರೂ ಕಾಯುವವಳಂತೆ ಕೈಕಟ್ಟಿ ಕೂತಳು. ಕೊನೆಗೆ ರೈಟರು ಆ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ. ಅವಳು ಬಗ್ಗಿ ನೋಡಿದಳು, ಕಾಗುಣಿತ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡಳು, ಸಹಿ ಹಾಕಿದಳು.